ಸಿಮಿ ದ್ವೀಪ: ಫೆರಿಯೂ ವಿಮಾನವೂ ಒಂದೇ ದಿನ ಬೇಡ

ಗ್ರೀಸಿನ ಸಿಮಿ ದ್ವೀಪ, ಅದರ ಬಂದರು ಊರು ಯಾಲೋಸ್ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ವೇಷ ಬದಲಿಸಿ ಬರುತ್ತಿದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಅರ್ಜಿ ತುಂಬುವುದು, ಯೂರೋ ಕೊಳ್ಳುವುದು ಇವನ್ನೆಲ್ಲ ಇಲ್ಲಿ ಕೇಳಬೇಡಿ.

ಜುಲೈ ಕೊನೆಯಲ್ಲಿ ಸಿಮಿಗೆ ಹೊರಟಿದ್ದೇವೆ. ವಾಪಸ್ಸಿನ ದಿನ ಬೆಳಗ್ಗೆ ಪಕ್ಕದ ರೋಡ್ಸ್ ದ್ವೀಪಕ್ಕೆ ಫೆರಿ, ಸಂಜೆ ಅಲ್ಲಿಂದ ಅಥೆನ್ಸ್‌ಗೆ ವಿಮಾನ, ರಾತ್ರಿ ಬೆಂಗಳೂರಿನ ಕಡೆಗೆ. ಫೆರಿಗೂ ವಿಮಾನಕ್ಕೂ ನಡುವೆ ಏಳು ಗಂಟೆ ಇದೆ. ಸಾಕಲ್ಲವೇ?

ಸಾಲದು. ಫೆರಿ ಒಂದು ಗಂಟೆ ತಡವಾದರೆ ಏಳು ಗಂಟೆ ಧಾರಾಳ. ಆದರೆ ಅಲ್ಲಿನ ತೊಂದರೆ ತಡವಾಗುವುದಲ್ಲ, ಫೆರಿಯೇ ಹೊರಡದಿರುವುದು. ಸಿಮಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಫೆರಿ ನಿಂತರೆ ನೀವೂ ನಿಂತಿರಿ.

ನಿಲ್ಲಿಸುವುದು ಮೆಲ್ಟೆಮಿ ಗಾಳಿ. ಬಾಲ್ಕನ್ ಕಡೆ ಅಧಿಕ ಒತ್ತಡ, ಟರ್ಕಿಯ ಅನಟೋಲಿಯಾದ ಮೇಲೆ ಬೇಸಿಗೆಯ ಕಡಿಮೆ ಒತ್ತಡ, ಇವೆರಡರ ನಡುವೆ ಏಜಿಯನ್ ಕಡಲಿನುದ್ದಕ್ಕೂ ಗಾಳಿ ನುಗ್ಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಜೋರು, ಮಧ್ಯಾಹ್ನದ ಮೇಲೆ ಇನ್ನೂ ಜೋರು, ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡದಿರುವುದೂ ಉಂಟು. ಮೋಡವಿಲ್ಲ, ಮಳೆಯಿಲ್ಲ. ನಮ್ಮ ಕರಾವಳಿಯಲ್ಲಿ ಕಡಲು ಕೆರಳುವುದು ಮಳೆಗಾಲದ ಜೊತೆಗೆ. ಹಾಗಾಗಿ ‘ಆಕಾಶ ಶುಭ್ರವಾಗಿದೆ, ಫೆರಿ ಬಂದೇ ಬರುತ್ತದೆ’ ಅಂದುಕೊಳ್ಳುತ್ತಾರೆ. ಆ ಲೆಕ್ಕ ಅಲ್ಲಿ ನಡೆಯದು. ಯಾಲೋಸ್ ಗುಡ್ಡಗಳ ನಡುವೆ ಒಳಸೇರಿದ ಕೊಲ್ಲಿ. ದಕ್ಕೆಯ ಮೇಲೆ ನಿಂತು ಕಂಡ ನೀರು ಹೊರಗಿನ ಕಡಲಿನ ಸುದ್ದಿ ಹೇಳುವುದಿಲ್ಲ.

ಫೆರಿ ತಡೆಯುವ ಆದೇಶ ಕರಾವಳಿ ರಕ್ಷಣಾ ಪಡೆಯದು. ಗಾಳಿಯ ಬಲ ಹೇಳುವ ಬ್ಯುಫೋರ್ಟ್ ಮಾಪಕದಲ್ಲಿ 8, ಅಂದರೆ ಗಂಟೆಗೆ 62ರಿಂದ 74 ಕಿ.ಮೀ. ಗಾಳಿ ಬಂದಾಗ ದೊಡ್ಡ ಹಡಗುಗಳೂ ಸಾಮಾನ್ಯವಾಗಿ ನಿಲ್ಲುತ್ತವೆ. ಜೋಡಿ ಒಡಲಿನ ವೇಗದ ಹಡಗುಗಳಾದ ಕ್ಯಾಟಮರಾನ್‌ಗಳೂ ದಿನದ ಪ್ರವಾಸದ ದೋಣಿಗಳೂ ಅದಕ್ಕಿಂತ ಮೊದಲೇ ನಿಲ್ಲುತ್ತವೆ. ಜನ ಬುಕ್ ಮಾಡುವುದು ಈ ಕ್ಯಾಟಮರಾನ್ ಅನ್ನೇ, ಬೇಗ ತಲುಪುತ್ತದೆಂದು.

ಪರಿಹಾರ ಸರಳ: ಪ್ರವಾಸವನ್ನು ತಿರುಗಿಸಿ. ರೋಡ್ಸ್‌ನಲ್ಲಿ ಇಳಿದವರು ಮೊದಲು ಸಿಮಿಗೆ ಹೋಗಿ, ಕೊನೆಯ ಎರಡು ರಾತ್ರಿ ರೋಡ್ಸ್ ಪಟ್ಟಣಕ್ಕೆ ಇಡಿ. ಒಂದು ರಾತ್ರಿಯಾದರೂ ಇರಲೇಬೇಕು. ಬುಕ್ ಮಾಡುವಾಗ ಫಾರಂನಲ್ಲಿ ನಿಮ್ಮದೇ ಮೊಬೈಲ್ ನಂಬರ್, ಇಮೇಲ್ ಕೊಡಿ. ಊರಿನ ಏಜೆಂಟ್ ತನ್ನ ನಂಬರ್ ಹಾಕಿದರೆ ರದ್ದಾದ ಸಂದೇಶ ಅವರ ಫೋನಿಗೆ ಹೋಗುತ್ತದೆ, ಆಗ ಅವರು ಮಲಗಿರುತ್ತಾರೆ. ಹೊರಡುವ ಮೂರು ದಿನ ಮೊದಲಿಂದ ಗ್ರೀಸ್ ಹವಾಮಾನ ಇಲಾಖೆಯ ಸಮುದ್ರ ಮುನ್ಸೂಚನೆ ನೋಡಿ. ನಿಮ್ಮ ದಿನಕ್ಕೆ ಬ್ಯುಫೋರ್ಟ್ 7 ಎಂದು ಕಂಡರೆ ಕಾಯಬೇಡಿ, ಹಿಂದಿನ ದಿನದ ಫೆರಿಗೆ ಟಿಕೆಟ್ ಬದಲಿಸಿ.

ರದ್ದಾದರೆ ದಕ್ಕೆಯಲ್ಲಿ ಜಗಳ ಆಡುವುದರಿಂದ ಏನೂ ಸಿಗದು. ಐರೋಪ್ಯ ಒಕ್ಕೂಟದ 1177/2010 ನಿಯಮದಂತೆ ಬೇರೆ ಫೆರಿಯಲ್ಲಿ ಸೀಟು ಅಥವಾ 7 ದಿನದೊಳಗೆ ಹಣ ವಾಪಸ್, ಎರಡರಲ್ಲೊಂದು ನಿಮ್ಮ ಹಕ್ಕು. ಹವಾಮಾನ ಅಪಾಯಕಾರಿ ಎಂಬ ಕಾರಣವಿದ್ದರೆ ಹೋಟೆಲ್ ಖರ್ಚು, ಪರಿಹಾರ ಧನ ಇಲ್ಲ. ಬೇರೆಯಾಗಿ ಕೊಂಡ ವಿಮಾನದ ಟಿಕೆಟ್‌ಗೆ ಯಾರೂ ಹೊಣೆಯಲ್ಲ. ವೀಸಾಕ್ಕೆಂದು ಮಾಡಿಸಿದ 30,000 ಯೂರೋ ವಿಮೆ ಕೊಡುತ್ತದೆ ಎನ್ನುವ ಏಜೆಂಟರ ಮಾತು ನಂಬಬೇಡಿ. ವೀಸಾ ಕೇಳುವುದು ಚಿಕಿತ್ಸೆ, ದೇಹ ಸಾಗಣೆಯಂಥ ಖರ್ಚಿನ ರಕ್ಷಣೆಯನ್ನು ಮಾತ್ರ. ತಪ್ಪಿದ ವಿಮಾನ ಪಾಲಿಸಿಯಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಏಪ್ರಿಲ್–ಮೇ ರಜೆಯಲ್ಲಿ ಮಕ್ಕಳೊಂದಿಗೆ ಹೋಗುವವರಿಗೆ ಇನ್ನೊಂದು: ಮೇ 1ರಂದು ನಾವಿಕರ ಮುಷ್ಕರ ಅಲ್ಲಿ ವಾಡಿಕೆ. ಆ ದಿನ ಪ್ರಯಾಣ ಇಡಬೇಡಿ.

ಸಿಂಗಲ್ ಎಂಟ್ರಿ ಷೆಂಗೆನ್ ವೀಸಾದಲ್ಲಿ ಸಿಮಿಯಿಂದ ಟರ್ಕಿಯ ದಾಚಾಗೆ ಒಂದು ದಿನ ಹೋಗಿ ಬರಬಹುದೇ?

ಹೋಗಬಹುದು, ಬರಲಾಗದು. ದಕ್ಕೆಯಲ್ಲಿ ನಿರ್ಗಮನ ದಾಖಲಾದೊಡನೆ ನಿಮ್ಮ ವೀಸಾ ಮುಗಿಯಿತು, ದಿನ ಉಳಿದಿದ್ದರೂ. ದ್ವೀಪಕ್ಕೆ ಬಂದಿಳಿದ ಮೇಲೆ ವೀಸಾ ಕೊಡುತ್ತಾರೆಂದು ವಿಡಿಯೋದಲ್ಲಿ ಹೇಳುತ್ತಾರಲ್ಲ, ಅದು ಟರ್ಕಿ ಪ್ರಜೆಗಳಿಗೆ.

ವಯಸ್ಸಾದ ಅತ್ತೆ ಮಾವನನ್ನು ಕರೆದೊಯ್ಯಬಹುದೇ?

ಕೋಣೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಯಾಲೋಸ್‌ನಿಂದ ಮೇಲಿನ ಊರು ಹೋರಿಯೋಗೆ ಹೋಗುವ ಕಾಲಿ ಸ್ಟ್ರಾಟಾ ಮೆಟ್ಟಿಲುದಾರಿ ನೂರಾರು ಮೆಟ್ಟಿಲಿನದು, ಕಲ್ಲು ಸವೆದು ಜಾರುತ್ತದೆ. ‘ಬಂದರಿಗೆ ಎರಡೇ ನಿಮಿಷ’ ಎಂಬ ಜಾಹೀರಾತು ಇಳಿಯುವ ಲೆಕ್ಕ. ದಕ್ಕೆಯಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ಎಷ್ಟು ಮೆಟ್ಟಿಲು ಎಂದು ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ. ಹೋರಿಯೋ, ಪೇದಿ ಊರುಗಳಿಗೆ ಬಸ್ಸಿದೆ, ಆದರೆ ಬಸ್ಸು ಮನೆ ಬಾಗಿಲಿಗೆ ಬರುವುದಿಲ್ಲ. ಚಕ್ರದ ಸೂಟ್‌ಕೇಸ್ ಬಿಟ್ಟು ಹೆಗಲಿಗೆ ಹಾಕುವ ಚೀಲ ತನ್ನಿ.

ಸಸ್ಯಾಹಾರ ಸಿಗುತ್ತದೆಯೇ?

ಸಿಗುತ್ತದೆ. ಬೇಯಿಸಿದ ತರಕಾರಿಗಳ ಬ್ರಿಯಾಮ್, ದೊಡ್ಡ ಬಿಳಿ ಬೀನ್ಸಿನ ಗಿಗಾಂಡೆಸ್, ಬೇಳೆಯ ಫಾವಾ, ಬೇಯಿಸಿದ ಸೊಪ್ಪಿನ ಹೋರ್ಟಾ ಕೇಳಿ. ತುಂಬಿದ ಟೊಮೆಟೊ, ದ್ರಾಕ್ಷಿ ಎಲೆಯ ಡೊಲ್ಮಾಡೆಸ್‌ನಲ್ಲಿ ಕೈಮಾ ಇರಬಹುದು, ಕೇಳದೆ ತಿನ್ನಬೇಡಿ. ‘ಉಪವಾಸದ ಅಡುಗೆ’ ಎಂದರೂ ನಂಬಬೇಡಿ: ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತದೆ.

ಕಡಲು ವಾಂತಿಗೆ ನಿಂಬೆಹಣ್ಣು ಮೂಸಿದರೆ ಸಾಕೆ?

ಸಾಲದು, ಮಣಿಕಟ್ಟಿನ ಪಟ್ಟಿಯನ್ನೂ ನೆಚ್ಚಿಕೊಳ್ಳಬೇಡಿ. ನಿಮ್ಮ ವೈದ್ಯರು ಬರೆದ ಮಾತ್ರೆಯನ್ನು ಹತ್ತುವ ಮೊದಲೇ, ಅವರು ಹೇಳಿದ ಹೊತ್ತಿಗೆ ನುಂಗಿ. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು. ಮಾತ್ರೆಯ ಜೊತೆ ಮದ್ಯ ಬೇಡ.

ಅಲ್ಲಿ ಮಾರುವ ಕಡಲ ಸ್ಪಂಜು ಕೊಳ್ಳುವುದೇ?

ಕೊಳ್ಳಿ, ಬಿಳಿಚಿದ್ದನ್ನಲ್ಲ, ಕಂದು ಬಣ್ಣದ್ದನ್ನು. ಬ್ಲೀಚ್ ಮಾಡಿದ್ದು ಬೇಗ ಹರಿಯುತ್ತದೆ. ಚರ್ಮರೋಗ ಗುಣವಾಗುತ್ತದೆ ಎನ್ನುವ ಅಂಗಡಿಯವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ.

ನೀಲಿ ಗುಮ್ಮಟ, ಬಿಳಿ ಮನೆಗಳ ಮುಂದೆ ಫೋಟೋ ಎಲ್ಲಿ ಚೆನ್ನಾಗಿ ಬರುತ್ತದೆ?

ಸಾಂಟೊರಿನಿ ಎಂಬ ಬೇರೆ ದ್ವೀಪದಲ್ಲಿ.