ಮಾತ್ರೆ ಶುರು ಮಾಡಿದ ಮೇಲೇ ಸರ್ಪಸುತ್ತು ಬಂತಲ್ಲ, ಯಾಕೆ?

ಪ್ರಶ್ನೆ: ಗಂಡನಿಗೆ ಎಚ್‌ಐವಿ. ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆ ಶುರುವಾಗಿ ಆರು ವಾರ. ಊಟ ಸೇರುತ್ತಿದೆ, ತೂಕ ಏರಿದೆ. ಈಗ ಎಡಗಡೆ ಎದೆಯಿಂದ ಬೆನ್ನಿನವರೆಗೆ ಉರಿಯುವ ಗುಳ್ಳೆ. ಮಾತ್ರೆ ಮೈಗೆ ಹಿಡಿಸಲಿಲ್ಲ ಅಂತ ನಿನ್ನೆಯಿಂದ ನಿಲ್ಲಿಸಿದ್ದೇವೆ. ಅತ್ತೆ ಕೆಮ್ಮಣ್ಣು ಹಚ್ಚಿಸೋಣ ಅಂತಾರೆ.

ಉತ್ತರ: ಮಾತ್ರೆ ಇವತ್ತೇ ಮತ್ತೆ ಶುರು ಮಾಡಿ. ಇದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹಿಡಿಸದೇ ಇದ್ದಿದ್ದರೆ ತೂಕ ಏರುತ್ತಿತ್ತಾ?

ಸರ್ಪಸುತ್ತು ಹೊರಗಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ಬೆನ್ನುಹುರಿ ಪಕ್ಕದ ನರಗಂಟಿನಲ್ಲಿ ಮಲಗಿರುತ್ತದೆ. ಮಾತ್ರೆಯಿಂದ ಎಚ್‌ಐವಿ ಇಳಿದು ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಏರತೊಡಗಿದಾಗ, ಇಷ್ಟು ದಿನ ಸೋತು ಕೂತಿದ್ದ ಮೈ ಎದ್ದು ಹಳೇ ಶತ್ರುಗಳ ಮೇಲೆ ಬೀಳುತ್ತದೆ. ಗಲಾಟೆ ಚರ್ಮದ ಮೇಲೆ ಕಾಣುತ್ತದೆ. ನಾವು ಡಾಕ್ಟರುಗಳು ಇದನ್ನು ಐರಿಸ್ ಅನ್ನುತ್ತೇವೆ. ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಶುರುವಿನಲ್ಲಿ ಸಿಡಿ4 100ಕ್ಕಿಂತ ಕಡಿಮೆ ಇದ್ದವರಿಗೆ ಇನ್ನೂ ಜಾಸ್ತಿ. ಕೆಲವರಲ್ಲಿ ನರುಲಿ ಹೆಚ್ಚುತ್ತದೆ, ಅಡಗಿದ್ದ ಕುಷ್ಠದ ಮಚ್ಚೆ ಕೆಂಪಾಗಿ ಊದುತ್ತದೆ.

ಗುಳ್ಳೆ ಎದ್ದ 72 ಗಂಟೆಯೊಳಗೆ ಈ ವೈರಸ್ ತಡೆಯುವ ಎಸೈಕ್ಲೋವಿರ್ ಮಾತ್ರೆ ಶುರುವಾದರೆ ಒಳ್ಳೆಯದು. ದಿನಕ್ಕೆ ಐದು ಸಲ, ಏಳು ದಿನ. ಆದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರಬೇಡಿ. ಕಿಡ್ನಿ ನೋಡಿ ಡೋಸ್ ಹೇಳಬೇಕು, ಎಆರ್‌ಟಿಯಲ್ಲಿ ಕಿಡ್ನಿಗೆ ಭಾರವಾಗಬಹುದಾದ ಟೆನೊಫೊವಿರ್ ಬೇರೆ ನಡೆಯುತ್ತಿರುತ್ತದೆ. ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಕಣ್ಣಿಗೂ ತಗುಲಿರಬಹುದು, ಅದೇ ದಿನ ಕಣ್ಣಿನ ಡಾಕ್ಟರನ್ನು ನೋಡಿ.

ಕೆಮ್ಮಣ್ಣು ಬೇಡವೇ ಬೇಡ. ಹೋದ ತಿಂಗಳು ಒಬ್ಬರ ಬೆನ್ನಿನ ಮೇಲೆ ಅದು ಹೆಂಚಿನ ಹಾಗೆ ಒಣಗಿ ಕೂತಿತ್ತು. ಸಲೈನ್‌ನಲ್ಲಿ ನೆನೆಸಿ ಎಬ್ಬಿಸಲು ನರ್ಸಿಗೆ ಅರ್ಧ ಗಂಟೆ ಹಿಡಿಯಿತು, ಕೆಳಗೆಲ್ಲ ಕೀವು. ಹಾವಿನ ತಲೆ ಬಾಲ ಕೂಡಿದರೆ ಸಾವು ಅನ್ನುವ ಮಾತನ್ನೂ ಅತ್ತೆ ಹೇಳಿರಬೇಕು. ಒಂದು ನರದ ಹಾದಿಯಲ್ಲಿ ಬರುವ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟುವುದೇ ಇಲ್ಲ, ತಲೆ ಬಾಲ ಕೂಡೋದೆಲ್ಲಿ?

ಒಂದು ವಿಷಯದಲ್ಲಿ ಮಾತ್ರ ನಾನು ಪುಕ್ಕಲ. ಮೈಯೆಲ್ಲ ಎರಡೂ ಕಡೆ ದದ್ದು, ಜೊತೆಗೆ ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು, ಸುಲಿಯುವ ಚರ್ಮ ಇದ್ದರೆ ಅದು ಔಷಧದ ಅಲರ್ಜಿ ಇರಬಹುದು. ಎಷ್ಟೋ ಸಲ, ಬೇರೆ ಸೋಂಕು ತಡೆಯಲು ಜೊತೆಗೆ ಕೊಡುವ ಕೋಟ್ರಿಮಾಕ್ಸಜೋಲ್ ಮಾತ್ರೆ ಕಾರಣ. ಆಗ ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ಅವರ ಟವೆಲ್ ಮುಟ್ಟಿದರೆ ಎಚ್‌ಐವಿ ಬರುತ್ತಾ?

ಉತ್ತರ: ಇಲ್ಲ. ಆದರೆ ಗುಳ್ಳೆಯಿಂದ ಸೀತಾಳೆ ಸಿಡುಬು ಅಂಟಬಹುದು, ಅದು ಇನ್ನೂ ಬಾರದ ಮಗು, ಬಸುರಿ ಮನೆಯಲ್ಲಿದ್ದರೆ ಗುಳ್ಳೆ ಒಣಗುವವರೆಗೆ ದೂರ ಇರಲಿ.

ಪ್ರಶ್ನೆ: ಎಚ್‌ಐವಿ ಬುಡಸಮೇತ ಕೀಳುವ ನಾಟಿ ಔಷಧಿ, 20 ಸಾವಿರವಂತೆ?

ಉತ್ತರ: ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ. ಆ ದುಡ್ಡಲ್ಲಿ ಮೊಟ್ಟೆ, ಹಾಲು ತನ್ನಿ.