ಮೊದಲ ಕ್ರೈಸ್ತರ ಆರಾಧನೆ ಇಂದಿನ ಇವ್ಯಾಂಜಲಿಕಲ್ (ಬೈಬಲ್ಲಿಗೆ, ವೈಯಕ್ತಿಕ ನಂಬಿಕೆಗೆ ಒತ್ತು ಕೊಡುವ ಪ್ರೊಟೆಸ್ಟಂಟ್) ಸಭೆಯಂತೆಯೇ ಇತ್ತಾ?

ಯೇಸು ಸತ್ತು ಎದ್ದನೆಂಬ ನಂಬಿಕೆ ಎರಡೂ ಕಡೆ ಒಂದೇ. ಆಚರಣೆ ಮಾತ್ರ ತುಂಬಾ ಬೇರೆ. ಸುಮಾರು ಕ್ರಿ.ಶ. 155ರಲ್ಲಿ ರೋಮ್‌ನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಭಾನುವಾರದ ಕೂಟವನ್ನು ವಿವರಿಸಿದ್ದಾನೆ: ಓದು, ಬೋಧನೆ, ಪ್ರಾರ್ಥನೆ, ಆಮೇಲೆ ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ. ಬಾರದವರ ಮನೆಗೂ ಅದರ ಪಾಲು ಹೋಗುತ್ತಿತ್ತು. ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ಸೆರೆಯಲ್ಲಿದ್ದವರಿಗೆ. ನನಗೆ ತುಂಬಾ ಇಷ್ಟವಾದ ಭಾಗ ಇದು. ಆ ರೊಟ್ಟಿಯನ್ನು ಅವನು ಯೇಸುವಿನ ಮಾಂಸವೆಂದೇ ಕರೆಯುತ್ತಾನೆ. ಇಂದಿನ ಹೆಚ್ಚಿನ ಇವ್ಯಾಂಜಲಿಕಲ್ ಸಭೆಗಳಿಗೆ ಅದು ನೆನಪಿನ ಗುರುತು, ಬೋಧನೆಗೇ ಜಾಸ್ತಿ ಸಮಯ.

ಸಭೆ ಸೇರುವುದೂ ಸುಮ್ನೆ ಆಗುತ್ತಿರಲಿಲ್ಲ. ದೀಕ್ಷಾಸ್ನಾನಕ್ಕೆ ಮೊದಲು ಕಲಿಕೆ, ಉಪವಾಸ ಇತ್ತು. ಇಂದು ಹಲವು ಇವ್ಯಾಂಜಲಿಕಲ್ ಸಭೆಗಳಲ್ಲಿ ಕೇಳುವ, ಎಲ್ಲರೆದುರು ಮುಂದೆ ಬಂದು ಯೇಸುವನ್ನು ಒಪ್ಪಿಕೊಳ್ಳಿ ಎಂಬ ಕರೆ 19ನೇ ಶತಮಾನದ ಅಮೆರಿಕದಲ್ಲಿ, ಚಾರ್ಲ್ಸ್ ಫಿನ್ನಿಯಂಥ ಬೋಧಕರಿಂದ ಹರಡಿದ್ದು.