ಟ್ಯೂಬಿನಲ್ಲಿ ‘ಸ್ಟಿಕ್’ ಇದೆಯಂತೆ, ಕೀಮೋ ಬೇಕಾ?

ಪ್ರಶ್ನೆ: ನನಗೆ 43 ವರ್ಷ. ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು. ನನಗೂ ಬಿಆರ್‌ಸಿಎ1 (ಅಂಡಾಶಯ, ಸ್ತನದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್ ದೋಷ) ಪಾಸಿಟಿವ್ ಬಂತು, ಅದಕ್ಕೇ ಎರಡೂ ಅಂಡಾಶಯ, ಎರಡೂ ಟ್ಯೂಬ್ (ಅಂಡನಾಳ) ತೆಗೆಸಿಕೊಂಡೆ. ಬಯಾಪ್ಸಿಯಲ್ಲಿ ಬಲಗಡೆ ಟ್ಯೂಬಿನಲ್ಲಿ ‘ಸ್ಟಿಕ್’ ಇದೆ ಎಂದು ಬಂದಿದೆ. ಒಬ್ಬ ಡಾಕ್ಟರು ಕೀಮೋ ಅಂತಾರೆ, ಇನ್ನೊಬ್ಬರು ‘ಎಲ್ಲಾ ತೆಗೆದಾಯ್ತಲ್ಲ, ಮರೆತುಬಿಡಿ’ ಅಂತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಸ್ಟಿಕ್ ಎಂದರೆ ಟ್ಯೂಬಿನ ಒಳಪದರ ದಾಟದ ಕ್ಯಾನ್ಸರ್ ಜೀವಕೋಶಗಳ ಪುಟ್ಟ ಗುಂಪು, ಅಂಡಾಶಯದ ಕ್ಯಾನ್ಸರಿಗೆ ಹಲವು ಸಲ ಇದೇ ಮೊದಲ ಮೆಟ್ಟಿಲು. ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಜೊತೆಗೆ ರಿಪೋರ್ಟಿನ ಕೊನೆಯ ಸಾಲಿನ ಫೋಟೊ ಮಾತ್ರ ಇರುತ್ತದೆ. ನನಗೆ ಬೇಕಾದ್ದು ಮೊದಲ ಪುಟ. ಟ್ಯೂಬಿನ ತುದಿ ಸೀರೆ ಸೆರಗಿನ ಕುಚ್ಚಿನ ಹಾಗಿರುತ್ತದೆ, ಸ್ಟಿಕ್ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಆ ತುದಿಯನ್ನು ಉದ್ದುದ್ದಕ್ಕೆ ಸೀಳಿ, ಉಳಿದ ಟ್ಯೂಬನ್ನು 2-3 ಮಿಲಿಮೀಟರ್‌ಗೊಂದು ಬಿಲ್ಲೆ ಮಾಡಿ, ಅಂಡಾಶಯದ ಸಮೇತ ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಿಮ್ಮ ರಿಪೋರ್ಟಿನಲ್ಲಿ ‘ಎರಡೂ ಟ್ಯೂಬಿನಿಂದ ಒಂದೊಂದು ತುಂಡು ನೋಡಲಾಗಿದೆ’ ಎಂದಿದ್ದರೆ ನಾಳೆಯೇ ಆಸ್ಪತ್ರೆಗೆ ಹೋಗಿ, ಉಳಿದದ್ದನ್ನೂ ನೋಡಲು ಹೇಳಿ. ಉಳಿದ ಭಾಗವನ್ನು ಲ್ಯಾಬಿನವರು ಸಾಮಾನ್ಯವಾಗಿ ಕೆಲವು ವಾರ ಮಾತ್ರ ಇಟ್ಟುಕೊಳ್ಳುತ್ತಾರೆ.

ಆಮೇಲೆ ಬ್ಲಾಕು (ಮೇಣದಲ್ಲಿ ಇಟ್ಟ ತುಂಡು), ಸ್ಲೈಡು ಎರಡನ್ನೂ ಕೇಳಿ ಪಡೆದು, ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೆಂಗಸರ ಕ್ಯಾನ್ಸರ್ ನೋಡಿ ಅಭ್ಯಾಸವಿರುವ ಪೆಥಾಲಜಿಸ್ಟ್ ಹತ್ತಿರ ಇನ್ನೊಮ್ಮೆ ಓದಿಸಿ. ತುಂಡಿಗೆ ಬಣ್ಣ ಹಾಕಿ ನೋಡುವ ಪಿ53, ಕೆಐ-67 ಎಂಬ ಎರಡು ಪರೀಕ್ಷೆ ಆಗಿವೆಯಾ ಕೇಳಿ. ಇಷ್ಟು ಚಿಕ್ಕ ಜಾಗದ ಬದಲಾವಣೆಯ ಬಗ್ಗೆ ಪೆಥಾಲಜಿಸ್ಟರಲ್ಲೇ ಒಮ್ಮತ ಇರುವುದಿಲ್ಲ. ಇದಕ್ಕೆ ಸಂಕೋಚ ಬೇಡ, ಮೊದಲ ಡಾಕ್ಟರಿಗೆ ಬೇಜಾರಾದರೆ ಆಗಲಿ.

ಸ್ಟಿಕ್ ಹೌದು ಎಂದೇ ಆದರೆ ಮುಂದಿನ ಪ್ರಶ್ನೆ, ಅಲ್ಲಿಂದ ಜೀವಕೋಶಗಳು ಉದುರಿ ಬೇರೆ ಕಡೆ ಕೂತಿವೆಯಾ ಎಂಬುದು. ಆಪರೇಷನ್ ದಿನ ಹೊಟ್ಟೆಯೊಳಗೆ ನೀರು ಹಾಕಿ ತೊಳೆದು ಪರೀಕ್ಷೆಗೆ ಕಳಿಸಿದ್ದರಾ? ಇಲ್ಲದಿದ್ದರೆ ಮತ್ತೊಮ್ಮೆ ಲ್ಯಾಪ್ರೊಸ್ಕೋಪಿ ಮಾಡಿ ಹೊಟ್ಟೆಯ ಒಳಪೊರೆಯಿಂದ, ಕರುಳಿನ ಮೇಲಿನ ಕೊಬ್ಬಿನ ಪದರದಿಂದ ಚೂರು ತೆಗೆದು ನೋಡುವುದುಂಟು. ಎಲ್ಲರೂ ಒಪ್ಪಿದ ನಿಯಮ ಇದಕ್ಕಿಲ್ಲ. ಆದರೆ ನಾನು ಅಂಜುವ ಪೈಕಿ, ಬಿಆರ್‌ಸಿಎ ಇದ್ದವರಲ್ಲಿ ಒಮ್ಮೆ ನೋಡಿಬಿಡೋಣ ಅಂತೀನಿ. ಎಲ್ಲೂ ಏನೂ ಸಿಗದಿದ್ದರೆ ಕೀಮೋ ಬೇಡ. ಬರೀ ಸ್ಟಿಕ್‌ಗೆ ಕೀಮೋ ಕೊಟ್ಟರೆ ಮುಂದೆ ಕ್ಯಾನ್ಸರ್ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಸುಮ್ನೆ ಕೂದಲು ಕಳೆದುಕೊಳ್ಳುವುದೇಕೆ? ಒಳಗೆ ನಿಜವಾದ ಕ್ಯಾನ್ಸರ್ ಸಿಕ್ಕರೆ ಮಾತೇ ಬೇರೆ, ಆಗ ಅದಕ್ಕೆ ತಕ್ಕ ಚಿಕಿತ್ಸೆ.

‘ಮರೆತುಬಿಡಿ’ ಎಂದವರಿಗೆ 2022ರ ಒಂದು ಅಧ್ಯಯನದ ಲೆಕ್ಕ ತೋರಿಸಿ. ಹೀಗೆ ಮುಂಜಾಗ್ರತೆಗೆ ಆಪರೇಷನ್ ಮಾಡಿಸಿಕೊಂಡು ಸ್ಟಿಕ್ ಸಿಕ್ಕವರಲ್ಲಿ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್ ಐದು ವರ್ಷದಲ್ಲಿ ಶೇ 10.5, ಹತ್ತು ವರ್ಷದಲ್ಲಿ ಶೇ 27.5. ಸ್ಟಿಕ್ ಇಲ್ಲದವರಲ್ಲಿ ಹತ್ತು ವರ್ಷಕ್ಕೂ ಶೇ 0.9 ಅಷ್ಟೇ. ಅಂಡಾಶಯ ಇಲ್ಲದಿದ್ದರೂ ಇದು ಬರುತ್ತದೆ, ತಡವಾಗಿಯೂ ಬರುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ತಪಾಸಣೆ, ಜೊತೆಗೆ ಕ್ಯಾನ್ಸರಿನ ಸುಳಿವು ಹುಡುಕುವ ಸಿಎ-125 ರಕ್ತಪರೀಕ್ಷೆ. ಸಿಎ-125 ಮೇಲೆ ನನಗೆ ಅಂಥ ನಂಬಿಕೆಯೇನೂ ಇಲ್ಲ, ಹೊಟ್ಟೆಯ ಟಿಬಿಗೂ ಏರುತ್ತದೆ ಅದು, ಆದರೂ ಮಾಡಿಸಿ. ಹೊಟ್ಟೆ ಉಬ್ಬರ ವಾರಗಟ್ಟಲೆ ಬಿಡದಿದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರಬೇಡಿ. ಸ್ತನದ ಎಂಆರ್‌ಐ ವರ್ಷವೂ ಆಗುತ್ತಿದೆ ಅಲ್ವಾ? ಅದನ್ನೇ ಎಲ್ಲರೂ ಮರೆಯುವುದು.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ‘ಪಿ53 ಸಿಗ್ನೇಚರ್’ ಮಾತ್ರ ಇದೆ. ಭಯವಾಗುತ್ತಿದೆ.

ಉತ್ತರ: ಅದು ಸ್ಟಿಕ್ ಅಲ್ಲ. ಪಿ53 ಬಣ್ಣ ಹಿಡಿದ, ನೋಡಲು ಮಾಮೂಲಾಗಿಯೇ ಇರುವ ಜೀವಕೋಶಗಳು ಅಷ್ಟೇ. ಅದಕ್ಕೆಂದು ಯಾವ ಚಿಕಿತ್ಸೆಯೂ ಬೇಡ.

ಪ್ರಶ್ನೆ: ಪ್ಯಾಪ್ ಸ್ಮಿಯರ್ ನಾರ್ಮಲ್ ಇದೆ. ಟ್ಯೂಬ್ ಚೆನ್ನಾಗಿದೆ ಅಂತ ತಾನೇ?

ಉತ್ತರ: ಅಲ್ಲ. ಅದು ಗರ್ಭಕೋಶದ ಬಾಯಿಯ ಪರೀಕ್ಷೆ.

ಪ್ರಶ್ನೆ: ವರ್ಷಕ್ಕೊಮ್ಮೆ ಸ್ಕ್ಯಾನ್, ಸಿಎ-125 ಮಾಡಿಸಿದರೆ ಟ್ಯೂಬ್ ತೆಗೆಸುವುದು ತಪ್ಪುತ್ತಾ?

ಉತ್ತರ: ಸ್ಟಿಕ್ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಹೆಂಗಸರಲ್ಲಿ ಈ ಪರೀಕ್ಷೆಗಳನ್ನು ಮಾಡಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವು ಕಡಿಮೆಯಾಗಲಿಲ್ಲ. ಬಿಆರ್‌ಸಿಎ1 ಇದ್ದವರು ಮಕ್ಕಳಾದ ಮೇಲೆ 35ರಿಂದ 40ರೊಳಗೆ ಟ್ಯೂಬ್, ಅಂಡಾಶಯ ಎರಡನ್ನೂ ತೆಗೆಸುವುದೇ ಸರಿ. ಬಿಆರ್‌ಸಿಎ2 ಆದರೆ 45ರ ತನಕ ಕಾಯಬಹುದು.

ಪ್ರಶ್ನೆ: ಟ್ಯೂಬ್ ಶುದ್ಧಿಗೆ ಒಬ್ಬರು ಕಷಾಯ, ಹರಳೆಣ್ಣೆ ಪಟ್ಟಿ ಕೊಡುತ್ತಾರೆ. 40 ದಿನದಲ್ಲಿ ಗಂಟು ಕರಗುತ್ತದಂತೆ.

ಉತ್ತರ: ಯಾವ ಗಂಟು? ಸ್ಟಿಕ್‌ನಲ್ಲಿ ಗಂಟೇ ಇರುವುದಿಲ್ಲ. ಟ್ಯೂಬನ್ನು ಹೊರಗೆ ತೆಗೆದು ಕತ್ತರಿಸಿ ನೋಡದೆ ನಮಗೇ ಗೊತ್ತಾಗದ್ದು ಆ ಮಹಾಶಯರಿಗೆ ನಾಡಿ ಹಿಡಿದು ಗೊತ್ತಾಯಿತಾ? ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಎರಡನೇ ಹೆರಿಗೆಯಲ್ಲಿ ಮಕ್ಕಳಾಗದ ಆಪರೇಷನ್ ಆಗಿದೆ. ನನಗೆ ಟ್ಯೂಬಿನ ಚಿಂತೆ ಇಲ್ಲ ಅಲ್ವಾ?

ಉತ್ತರ: ಅದರಲ್ಲಿ ಸಾಮಾನ್ಯವಾಗಿ ಟ್ಯೂಬಿನ ನಡುವೆ ಕಟ್ಟುತ್ತಾರೆ ಅಥವಾ ಕತ್ತರಿಸುತ್ತಾರೆ, ತುದಿ ಒಳಗೇ ಇರುತ್ತದೆ. ಮನೆಯಲ್ಲಿ ಯಾರಿಗೂ ಈ ಕ್ಯಾನ್ಸರ್ ಇಲ್ಲದಿದ್ದರೆ ಅದಕ್ಕೆಂದೇ ಮತ್ತೆ ಹೊಟ್ಟೆ ತೆರೆಸಬೇಡಿ. ಮುಂದೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಯುವ ಪ್ರಸಂಗ ಬಂದರೆ ಆಗ ಎರಡೂ ಟ್ಯೂಬನ್ನು ತುದಿ ಸಮೇತ ತೆಗೆಯಲು ಮೊದಲೇ ಹೇಳಿ.